ರೋಡ್ ಸೈಕಲ್‌ಗೆ ಮಡ್‌ಗಾರ್ಡ್: ಮುಂದಿನ ಚಕ್ರದಿಂದ ಶುರು ಮಾಡಿ

ಮಳೆಯಲ್ಲಿ ರೋಡ್ ಸೈಕಲ್ ತುಳಿದು ಬಂದವರ ಬೆನ್ನು ನೋಡಿದ್ದೀರಾ? ಸೊಂಟದಿಂದ ಹೆಗಲ ತನಕ ಕೆಸರಿನ ಒಂದು ಉದ್ದ ಪಟ್ಟೆ ಬಿದ್ದಿರುತ್ತದೆ. ನೋಡಿದವರೆಲ್ಲ ಕೊಡುವ ಸಲಹೆ ಒಂದೇ: "ಹಿಂದಿನ ಚಕ್ರಕ್ಕೆ ಒಂದು ಮಡ್‌ಗಾರ್ಡ್ ಹಾಕಿಸಿಬಿಡಿ." ಸಲಹೆ ಸರಿಯೇ, ಆದರೆ ಅರ್ಧ ಮಾತ್ರ. ಬೆನ್ನಿನ ಪಟ್ಟೆ ಊರಿಗೆಲ್ಲ ಕಾಣುತ್ತದೆ. ಷೂ ಒಳಗೆ ತುಂಬಿದ ನೀರು, ಚೈನಿಗೆ ಮೆತ್ತಿದ ಮರಳು, ತುಟಿಗೆ ತಾಗಿದ ಮೋರಿ ನೀರು ಬೇರೆಯವರಿಗೆ ಕಾಣುವುದಿಲ್ಲ. ಇವು ಬರುವುದು ಬಹುತೇಕ ಮುಂದಿನ ಚಕ್ರದಿಂದ.

ಹಾಗಾಗಿ ಅಂಗಡಿಗೆ ಹೋಗುವ ಮೊದಲು ನೀರು ಎಲ್ಲಿಂದ ಎಲ್ಲಿಗೆ ಹಾರುತ್ತದೆ ಅನ್ನುವುದನ್ನು ತಿಳಿದುಕೊಳ್ಳೋಣ. ಆಮೇಲೆ ಸೈಕಲ್ಲಿನಲ್ಲಿ ಎಷ್ಟು ಜಾಗ ಇದೆ ಅಂತ ಅಳೆಯೋಣ. ಬ್ರ್ಯಾಂಡ್, ಬಣ್ಣ, ಬೆಲೆ ಎಲ್ಲ ಇವೆರಡರ ನಂತರ.

ನೀರು ಹಾರುವ ದಾರಿ

ಒದ್ದೆ ಕೊಡೆಯನ್ನು ಗಿರ್ರನೆ ತಿರುಗಿಸಿದರೆ ಹನಿಗಳು ಅಂಚಿನಿಂದ ನೇರ ಗೆರೆಯಲ್ಲಿ ಸಿಡಿಯುತ್ತವೆ. ಟೈರಿನ ನೀರೂ ಹಾಗೆಯೇ. ಚಕ್ರದ ತಳ ರಸ್ತೆಯಿಂದ ನೀರು ಎತ್ತಿಕೊಳ್ಳುತ್ತದೆ. ಚಕ್ರ ತಿರುಗಿದಂತೆ ಆ ನೀರು ಹಿಂಬದಿಯಿಂದ ಮೇಲೇರುತ್ತದೆ. ಏರುವಾಗ ಹನಿ ಯಾವ ಜಾಗದಲ್ಲಿ ಕಳಚಿಕೊಂಡಿತು ಅನ್ನುವುದರ ಮೇಲೆ ಅದರ ದಿಕ್ಕು. ನೆಲ ಬಿಟ್ಟ ಕೂಡಲೇ ಕಳಚಿಕೊಂಡರೆ ಹಿಂದಕ್ಕೆ, ಸ್ವಲ್ಪ ಮೇಲಕ್ಕೆ. ಆಕ್ಸಲ್‌ನ, ಅಂದರೆ ಚಕ್ರದ ನಡುವಿನ ಅಚ್ಚಿನ, ಎತ್ತರಕ್ಕೆ ಬಂದು ಕಳಚಿಕೊಂಡರೆ, ಸೀಟಿನ ಮೇಲೆ ಕೂತವರ ಲೆಕ್ಕದಲ್ಲಿ, ನೆಟ್ಟಗೆ ಮೇಲಕ್ಕೆ. ಅದಕ್ಕೂ ಮೇಲೆ ಹೋಗಿ ಬಿಟ್ಟರೆ ಮುಂದಕ್ಕೆ.

ಈಗ ಇದನ್ನು ಹಿಂದಿನ ಚಕ್ರಕ್ಕೆ ಹಚ್ಚಿ ನೋಡಿ. ಕೆಳಗೇ ಕಳಚಿಕೊಂಡ ಹನಿಗಳು ನಿಮ್ಮ ಹಿಂದೆ ಬರುವವರ ಮುಖಕ್ಕೆ. ಮೇಲೆ ಹೋಗಿ ಕಳಚಿಕೊಂಡವು ನಿಮ್ಮ ಚಡ್ಡಿಗೆ, ಬೆನ್ನಿಗೆ. ಗಂಟೆಗೆ 25 ಕಿಲೋಮೀಟರ್ ಅಂದರೆ ಸೆಕೆಂಡಿಗೆ ಸುಮಾರು 7 ಮೀಟರ್. ಗಾಳಿ ತಡೆಯದೇ ಇದ್ದರೆ ಆ ವೇಗದಲ್ಲಿ ನೆಟ್ಟಗೆ ಚಿಮ್ಮಿದ ಹನಿ ಸುಮಾರು 2.5 ಮೀಟರ್ ಏರಬೇಕು. ಗಾಳಿ ತಡೆಯುತ್ತದೆ ನಿಜ. ಆದರೂ ನಿಮ್ಮ ಬೆನ್ನು ಅಷ್ಟೇನೂ ಎತ್ತರದಲ್ಲಿಲ್ಲ, ಅಲ್ವಾ?

ಮುಂದಿನ ಚಕ್ರದ ಕಥೆ ಬೇರೆ. ಅಲ್ಲಿ ಕೆಳಗೆ ಕಳಚಿಕೊಂಡು ಹಿಂದಕ್ಕೆ ಹಾರುವ ನೀರಿನ ಎದುರಿಗೇ ನಿಮ್ಮ ಪಾದ ಇದೆ. ಪೆಡಲ್, ಅದು ಕೂರುವ ತೋಳು (ಕ್ರ್ಯಾಂಕ್), ಚೈನು, ಫ್ರೇಮಿನ ಕೆಳಗಿನ ಪೈಪು ಎಲ್ಲ ಅದೇ ದಾರಿಯಲ್ಲಿ ನಿಂತಿವೆ. ಟೈರಿನ ನೆತ್ತಿಯಿಂದ ಮುಂದಕ್ಕೆ ಹಾರುವ ಹನಿಗಳು ಇನ್ನೂ ವಿಚಿತ್ರ. ಚಕ್ರದ ನೆತ್ತಿ ರಸ್ತೆಗೆ ಹೋಲಿಸಿದರೆ ಸೈಕಲ್ಲಿನ ಎರಡರಷ್ಟು ವೇಗದಲ್ಲಿ ಚಲಿಸುತ್ತಿರುತ್ತದೆ. ನೀವು 25ರಲ್ಲಿ ಹೋಗುತ್ತಿದ್ದರೆ ಆ ಹನಿ 50ರಲ್ಲಿ ಮುಂದಕ್ಕೆ ಹೋಗುತ್ತದೆ. ಗಾಳಿ ಅದನ್ನು ಅಲ್ಲೇ ನಿಲ್ಲಿಸುತ್ತದೆ. ಅಷ್ಟರಲ್ಲಿ ನೀವು ಹೋಗಿ ಮುಖ ಒಡ್ಡುತ್ತೀರಿ. ತಮ್ಮದೇ ಚಕ್ರದ ಕೊಚ್ಚೆಯನ್ನು ತಾವೇ ಹಿಂಬಾಲಿಸಿ ಹಿಡಿದುಕೊಳ್ಳುವುದು ಅಂದರೆ ಇದೇ.

ಇದರಿಂದ ಒಂದು ಮಾತು ಸ್ಪಷ್ಟ. ಮುಂದಿನ ಮಡ್‌ಗಾರ್ಡ್‌ನಲ್ಲಿ ಮುಖ್ಯವಾದ ಭಾಗ ಮೇಲಿನದಲ್ಲ, ಹಿಂದೆ ಕೆಳಕ್ಕೆ ಇಳಿಯುವ ಬಾಲ. ಆ ಬಾಲ ಎಷ್ಟು ಕೆಳಗೆ ಬರುತ್ತದೋ ಪಾದ ಅಷ್ಟು ಒಣಗಿರುತ್ತದೆ, ಚೈನು ಅಷ್ಟು ಶುದ್ಧ. ಮಾರುಕಟ್ಟೆಯಲ್ಲಿ ಸಿಗುವ ಗಿಡ್ಡ ಮಡ್‌ಗಾರ್ಡ್‌ಗಳು ಮುಂದಿನ ಚಕ್ರದ ಮೇಲ್ಭಾಗವನ್ನಷ್ಟೇ ಮುಚ್ಚುತ್ತವೆ. ಮುಖ ಉಳಿಯುತ್ತದೆ. ಕಾಲು, ಚೈನು ಎರಡೂ ಹೋದವು ಅಂತಲೇ ಲೆಕ್ಕ.

"ಮಳೆಯಲ್ಲಿ ಹೇಗೂ ನೆನೆಯುತ್ತೇವೆ, ಇದೆಲ್ಲ ಯಾಕೆ" ಅನ್ನುವವರಿದ್ದಾರೆ. ಮೇಲಿಂದ ಬೀಳುವ ನೀರು ಮಳೆಯದು. ಕೆಳಗಿಂದ ಏಳುವ ನೀರಿನಲ್ಲಿ ಮರಳು, ಡೀಸೆಲ್, ಸಗಣಿ, ಮೋರಿ ಉಕ್ಕಿ ಬಂದದ್ದು ಎಲ್ಲ ಇರುತ್ತದೆ. ಮಳೆ ನಿಂತ ಮೇಲೂ ರಸ್ತೆ ಬಹಳ ಹೊತ್ತು ಒದ್ದೆಯಾಗಿಯೇ ಇರುತ್ತದೆ. ಬೆಂಗಳೂರಿನಲ್ಲಿ ರಾತ್ರಿ ಸುರಿದು ಬೆಳಗ್ಗೆ ಬಿಸಿಲು ಬರುವ ದಿನಗಳು ಎಷ್ಟಿಲ್ಲ? ಆಗ ರೇನ್‌ಕೋಟು ಬೇಡ, ಮಡ್‌ಗಾರ್ಡ್ ಬೇಕೇ ಬೇಕು.

ಸೈಕಲ್ಲಿನಲ್ಲಿ ಜಾಗ ಎಷ್ಟಿದೆ?

ಹಾಲು ಹಾಕುವವರ, ಪೇಪರ್ ಹಾಕುವವರ ಹಳೇ ಸೈಕಲ್ಲಿಗೆ ಈ ಪ್ರಶ್ನೆಯೇ ಇರಲಿಲ್ಲ. ಅಟ್ಲಾಸ್ ಇರಲಿ, ಹೀರೋ ಇರಲಿ, ಹರ್ಕ್ಯುಲಿಸ್ ಇರಲಿ, ಎರಡೂ ಚಕ್ರಕ್ಕೆ ಉದ್ದನೆಯ ತಗಡಿನ ಮಡ್‌ಗಾರ್ಡ್ ಜೊತೆಯಲ್ಲೇ ಬರುತ್ತಿತ್ತು. ರೋಡ್ ಸೈಕಲ್ ರೇಸಿನ ಮನೆಯಿಂದ ಬಂದದ್ದು. ಟೈರಿಗೂ ಫ್ರೇಮಿಗೂ ನಡುವೆ ಬೆರಳು ತೂರದಷ್ಟು ಜಾಗ ಇದ್ದರೆ ಅದೇ ಅಂದ ಅಂತ ತಯಾರಿಸಿದ ಕಾಲವೂ ಇತ್ತು. ಹಳೇ ಸೈಕಲ್ಲಿನ ಮಡ್‌ಗಾರ್ಡ್ ಬಿಚ್ಚಿ ಇದಕ್ಕೆ ಹಾಕೋಣ ಅಂದರೆ ಕೂರುವುದಿಲ್ಲ. ಆ 28 ಇಂಚಿನ ಚಕ್ರದಲ್ಲಿ ಟೈರು ಕೂರುವ ರಿಮ್ಮಿನ ಅಳತೆ 635 ಮಿ.ಮೀ. ರೋಡ್ ಸೈಕಲ್ಲಿನ 700ಸಿ ಚಕ್ರದಲ್ಲಿ ಅದು 622. ಬಾಗೂ ಬೇರೆ, ಅಗಲವೂ ಬೇರೆ.

ನಿಮ್ಮ ಸೈಕಲ್ಲಿನಲ್ಲಿ ಮೊದಲು ಹುಡುಕಬೇಕಾದದ್ದು ಬೋಲ್ಟ್ ಕೂರುವ ತೂತುಗಳು. ಹಿಂದಿನ ಆಕ್ಸಲ್‌ನ ಹತ್ತಿರ ಎರಡೂ ಬದಿಗೆ ಒಂದೊಂದು, ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕ್‌ನ (ಕವೆಯ) ತುದಿಯಲ್ಲಿ ಎರಡೂ ಬದಿಗೆ ಒಂದೊಂದು. ಸಾಮಾನ್ಯವಾಗಿ 5 ಮಿ.ಮೀ. ಬೋಲ್ಟ್ ಹಿಡಿಯುವ ತಿರುಪಿನ ಮರೆ ಇರುತ್ತದೆ. ಸೀಟಿನ ಕೆಳಗೆ ಹಿಂದಿನ ಎರಡು ಪೈಪುಗಳನ್ನು ಸೇರಿಸುವ ಅಡ್ಡಪಟ್ಟಿಯಲ್ಲಿ, ಕ್ರ್ಯಾಂಕಿನ ಹಿಂದಿನ ಅಡ್ಡಪಟ್ಟಿಯಲ್ಲಿ, ಫೋರ್ಕ್‌ನ ನೆತ್ತಿಯ ಹಿಂಬದಿಯಲ್ಲಿ ಕೂಡ ನೋಡಿ. ಹೊಸ ಸೈಕಲ್ಲುಗಳಲ್ಲಿ ಇವನ್ನು ಸಣ್ಣ ರಬ್ಬರಿನಿಂದಲೋ ಸ್ಕ್ರೂನಿಂದಲೋ ಮುಚ್ಚಿರುತ್ತಾರೆ. ಎಷ್ಟೋ ಜನ ತಮ್ಮ ಸೈಕಲ್ಲಿಗೆ ತೂತೇ ಇಲ್ಲ ಅಂದುಕೊಂಡಿರುತ್ತಾರೆ, ಕೆಸರು ಒರೆಸಿದರೆ ಸಿಗುತ್ತದೆ.

ಎರಡನೆಯದು ಬ್ರೇಕಿನ ಕೆಳಗಿನ ಸಂದು. ರಿಮ್ಮನ್ನು ಹಿಡಿಯುವ ಬ್ರೇಕ್ ಇದ್ದರೆ ಬಿಗಿಯಾದ ಜಾಗ ಇದೇ. ಟೈರಿನ ನೆತ್ತಿಗೂ ಬ್ರೇಕಿನ ತಳಕ್ಕೂ ನಡುವೆ ಎಷ್ಟಿದೆ ಅಂತ ನೋಡಲು ಸ್ಕೇಲು ಹೋಗುವುದಿಲ್ಲ. ಅಲೆನ್ ಕೀಗಳ (ಬೋಲ್ಟ್ ತಿರುಗಿಸುವ ಆರು ಮೂಲೆಯ ಕಡ್ಡಿಗಳ) ಸೆಟ್ ತೆಗೆದುಕೊಳ್ಳಿ. 5, 6, 8, 10 ಮಿ.ಮೀ. ಕೀಗಳನ್ನು ಒಂದೊಂದಾಗಿ ತೂರಿಸಿ. ಮಡ್‌ಗಾರ್ಡ್ ಮತ್ತು ಅದರ ಬಾಗು ಸೇರಿ ಮೂರು ನಾಲ್ಕು ಮಿ.ಮೀ. ತಿನ್ನುತ್ತದೆ. ಅದರ ಕೆಳಗೆ ಟೈರಿಗೆ ಕನಿಷ್ಠ 5 ಮಿ.ಮೀ. ಗಾಳಿ ಬೇಕು. ಹಾಗಾಗಿ 10ರ ಕೀ ಸಲೀಸಾಗಿ ಹೋದರೆ ಉದ್ದನೆಯ ಮಡ್‌ಗಾರ್ಡ್ ನೆಮ್ಮದಿಯಾಗಿ ಕೂರುತ್ತದೆ. 8ರದ್ದು ಹೋದರೆ ಕಷ್ಟಪಟ್ಟು ಕೂರಿಸಬಹುದು. 8ರದ್ದೂ ಹೋಗದಿದ್ದರೆ ಆಸೆ ಬಿಡಿ.

ಈ ಸಂದು ಬ್ರೇಕಿನ ಜಾತಿಯ ಮೇಲೆ ನಿಂತಿದೆ. ರೇಸಿನ ಸೈಕಲ್ಲುಗಳ ಗಿಡ್ಡ ತೋಳಿನ ಬ್ರೇಕಿನಲ್ಲಿ ಬೋಲ್ಟಿನಿಂದ ಬ್ರೇಕ್ ರಬ್ಬರಿಗೆ ಇರುವ ದೂರ ಸುಮಾರು 39ರಿಂದ 49 ಮಿ.ಮೀ. ಉದ್ದ ತೋಳಿನದರಲ್ಲಿ 47ರಿಂದ 57. ಮಳೆ, ಚಳಿ, ದೂರದ ಪ್ರಯಾಣ ನೆನಪಿಟ್ಟುಕೊಂಡು ಮಾಡಿದ ಫ್ರೇಮುಗಳಿಗೆ ಎರಡನೆಯ ಬಗೆಯನ್ನು ಹಾಕಿರುತ್ತಾರೆ. ಗಿಡ್ಡ ತೋಳಿನ ಬ್ರೇಕ್ ತೆಗೆದು ಸುಮ್ನೆ ಉದ್ದದ್ದು ಹಾಕಿದರೆ ಆಯ್ತು ಅಂದುಕೊಳ್ಳಬೇಡಿ. ಫ್ರೇಮ್ ಅದಕ್ಕೆ ತಕ್ಕಂತೆ ಇಲ್ಲದಿದ್ದರೆ ರಬ್ಬರು ರಿಮ್ಮಿನ ಕೆಳಗೆ ಹೋಗಿ ನಿಲ್ಲುತ್ತದೆ.

ಜಾಗ ಸ್ವಲ್ಪವೇ ಕಡಿಮೆ ಬಿದ್ದರೆ ಒಂದು ಉಪಾಯ ಇದೆ: ಟೈರು ತೆಳ್ಳಗೆ ಮಾಡಿ. 28 ಮಿ.ಮೀ. ಅಗಲದ ಟೈರಿನ ಬದಲು 25ರದ್ದು ಹಾಕಿದರೆ ನೆತ್ತಿಯಲ್ಲಿ ಎರಡು ಮೂರು ಮಿ.ಮೀ. ಸಿಗುತ್ತದೆ. ಆದರೆ ನಮ್ಮ ಗುಂಡಿ ರಸ್ತೆಗಳಲ್ಲಿ, ಅದೂ ನೀರು ತುಂಬಿ ಗುಂಡಿಯ ಆಳ ಕಾಣದಿರುವ ಮಳೆಗಾಲದಲ್ಲಿ, ಟೈರು ಸಣ್ಣದು ಮಾಡುವುದು ನನಗೆ ಒಪ್ಪಿಗೆಯಿಲ್ಲ. ದಪ್ಪ ಟೈರು ಇಟ್ಟುಕೊಂಡು ಗಿಡ್ಡ ಮಡ್‌ಗಾರ್ಡ್ ಹಾಕುವುದೇ ವಾಸಿ. ಇನ್ನೊಂದು ವಿಷಯ, ಟೈರಿನ ಮೇಲೆ ಬರೆದ ಅಳತೆಯನ್ನು ನಂಬಬೇಡಿ. ಈಗಿನ ಅಗಲ ರಿಮ್ಮುಗಳ ಮೇಲೆ 25ರ ಟೈರು ಗಾಳಿ ತುಂಬಿದ ಮೇಲೆ 27ರ ಹತ್ತಿರ ಉಬ್ಬಬಹುದು. ಅಳೆದೇ ನೋಡಿ.

ಡಿಸ್ಕ್ ಬ್ರೇಕ್ ಸೈಕಲ್ಲುಗಳಲ್ಲಿ ಈ ತಲೆನೋವು ಕಡಿಮೆ. ಟೈರಿನ ನೆತ್ತಿಯ ಮೇಲೆ ಬ್ರೇಕೇ ಇಲ್ಲವಲ್ಲ. ಅದಕ್ಕೆ ಬದಲಾಗಿ ಎಡಗಡೆ ಡಿಸ್ಕನ್ನು ಹಿಡಿಯುವ ಕ್ಯಾಲಿಪರ್ ಅಡ್ಡ ಬಂದು, ಮಡ್‌ಗಾರ್ಡನ್ನು ಹಿಡಿದುಕೊಳ್ಳುವ ಕಡ್ಡಿ ನೇರವಾಗಿ ಹೋಗದೆ ಇರಬಹುದು. ಉದ್ದ ಬೋಲ್ಟು, ನಡುವೆ ಒಂದು ಕೊಳವೆಯಂಥ ವಾಷರ್ ಹಾಕಿ ಕಡ್ಡಿಯನ್ನು ಹೊರಕ್ಕೆ ತಂದರೆ ಸರಿಹೋಗುತ್ತದೆ.

ಕೊನೆಗೆ ಕಾಲ್ಬೆರಳು. ಪೆಡಲನ್ನು ಮುಂದಕ್ಕೆ ತಂದು ಹ್ಯಾಂಡಲ್ ತಿರುಗಿಸಿದರೆ ಷೂ ತುದಿ ಮುಂದಿನ ಚಕ್ರಕ್ಕೆ ತಾಗುತ್ತದೆಯೇ ನೋಡಿ. ಸಣ್ಣ ಅಳತೆಯ ಫ್ರೇಮುಗಳಲ್ಲಿ ತಾಗುವುದು ಸಾಮಾನ್ಯ. ಮಡ್‌ಗಾರ್ಡ್ ಬಂದ ಮೇಲೆ ಇನ್ನಷ್ಟು ತಾಗುತ್ತದೆ. ವೇಗದಲ್ಲಿ ಹ್ಯಾಂಡಲ್ ಅಷ್ಟು ತಿರುಗುವುದೇ ಇಲ್ಲ, ಅಲ್ಲಿ ತೊಂದರೆಯಿಲ್ಲ. ಟ್ರಾಫಿಕ್ಕಿನಲ್ಲಿ ಆಮೆ ವೇಗದಲ್ಲಿ ತಿರುಗುವಾಗ, ಯೂ ಟರ್ನ್ ಹೊಡೆಯುವಾಗ ಹುಷಾರಾಗಿರಬೇಕು, ಅಷ್ಟೇ.

ಮೂರು ಬಗೆ, ಮೂರು ಅಭಿಪ್ರಾಯ

ಜಾಗ, ತೂತು ಎರಡೂ ಇದ್ದರೆ ಬೇರೆ ಯೋಚನೆ ಬೇಡ. ಬೋಲ್ಟ್ ಹಾಕಿ ಕೂರಿಸುವ ಪೂರ್ತಿ ಉದ್ದದ ಮಡ್‌ಗಾರ್ಡ್ ತೆಗೆದುಕೊಳ್ಳಿ. ಸೆಟ್ಟಿಗೆ ಅರ್ಧ ಕೆಜಿ ಆಸುಪಾಸು ತೂಕ ಬರುತ್ತದೆ. ಅಗಲ ಟೈರಿಗಿಂತ 7ರಿಂದ 10 ಮಿ.ಮೀ. ಜಾಸ್ತಿ ಇರಬೇಕು. ಜರ್ಮನಿಯ ಎಸ್‌ಕೆಎಸ್ ಕಂಪನಿಯದು ಈ ಲೋಕದಲ್ಲಿ ಹಳೇ ಹೆಸರು. ಅವರ 35 ಮಿ.ಮೀ. ಮಡ್‌ಗಾರ್ಡ್ 28ರ ತನಕದ ಟೈರಿಗೆ, 45ರದ್ದು ಅದಕ್ಕಿಂತ ದಪ್ಪನೆಯದಕ್ಕೆ. ಎರಡು ಪ್ಲಾಸ್ಟಿಕ್ ಪದರಗಳ ನಡುವೆ ತೆಳ್ಳಗಿನ ಅಲ್ಯೂಮಿನಿಯಂ ಇಟ್ಟು ಮಾಡಿರುವುದರಿಂದ ಬಗ್ಗುತ್ತದೆ, ಬೇಗ ಒಡೆಯುವುದಿಲ್ಲ, ತುಕ್ಕೂ ಇಲ್ಲ. ಜಪಾನಿನ ಹೊಂಜೊ ಕಂಪನಿಯ ಅಲ್ಯೂಮಿನಿಯಂ ಮಡ್‌ಗಾರ್ಡ್‌ಗಳು ನೋಡಲು ಬಲು ಚೆಂದ. ಆದರೆ ಅವನ್ನು ಕೂರಿಸುವುದಕ್ಕೆ ತೂತು ಕೊರೆಯಬೇಕು, ತಾಳ್ಮೆ ಬೇಕು, ಕೈ ಪಳಗಿರಬೇಕು. ಪೇಟೆಯಲ್ಲಿ ಯಾರೋ ಸ್ಕೂಟರ್ ತಾಗಿಸಿ ಒಂದು ನೆಗ್ಗು ಬಿದ್ದರೆ ಅದು ಮತ್ತೆ ಮೊದಲಿನ ಆಕಾರಕ್ಕೆ ಬರುವುದೂ ಇಲ್ಲ. ದಿನಾ ಆಫೀಸಿಗೆ ಹೋಗುವವರಿಗೆ ಪ್ಲಾಸ್ಟಿಕ್ಕೇ ಸರಿ.

ತೂತಿಲ್ಲದ ಫ್ರೇಮಿಗೆ ಎರಡನೆಯ ಬಗೆ: ರಬ್ಬರು ಪಟ್ಟಿ ಅಥವಾ ಕ್ಲಿಪ್‌ನಿಂದ ಪೈಪಿಗೆ ಕಟ್ಟುವಂಥದ್ದು. ಎರಡು ನಿಮಿಷದಲ್ಲಿ ಹಾಕಿ ತೆಗೆಯಬಹುದು. ಇದರಲ್ಲಿ ಗಿಡ್ಡದ್ದೂ ಇದೆ, ಉದ್ದದ್ದೂ ಇದೆ. ಉದ್ದದ್ದನ್ನು ಬ್ರೇಕಿನ ಹತ್ತಿರ ಎರಡು ತುಂಡು ಮಾಡಿರುತ್ತಾರೆ. ಒಂದು ತುಂಡು ಬ್ರೇಕಿನ ಮುಂದೆ, ಒಂದು ಹಿಂದೆ. ಬ್ರೇಕಿನ ಕೆಳಗೆ ಏನೂ ಹಾದುಹೋಗುವುದಿಲ್ಲ. ಬ್ರೇಕಿನ ಕೆಳಗೆ ಮಾತ್ರ ಜಾಗ ಸಾಲದ ಸೈಕಲ್ಲಿಗೆ ಇದು ಒಳ್ಳೆಯ ಉಪಾಯ. ಆರಿಸುವಾಗ ಮುಂದಿನ ಚಕ್ರದ ಮಡ್‌ಗಾರ್ಡಿನ ಬಾಲ ಎಲ್ಲಿಯವರೆಗೆ ಬರುತ್ತದೆ ನೋಡಿ. ಕಂಪನಿಯವರು ಅಲ್ಲಿ ಪ್ಲಾಸ್ಟಿಕ್ ಉಳಿತಾಯ ಮಾಡಿದ್ದರೆ ಒದ್ದೆಯಾಗುವುದು ನಿಮ್ಮ ಸಾಕ್ಸ್.

ಕಾರ್ಬನ್ ಫ್ರೇಮ್ ಇದ್ದರೆ ಪಟ್ಟಿ ಕೂರುವ ಜಾಗಕ್ಕೆ ಮೊದಲು ದಪ್ಪನೆಯ ಪಾರದರ್ಶಕ ಟೇಪು ಅಂಟಿಸಿ. ಪಟ್ಟಿಯ ಕೆಳಗೆ ಸಿಕ್ಕಿಕೊಂಡ ಮರಳು ಉಪ್ಪುಕಾಗದದ ಕೆಲಸ ಮಾಡುತ್ತದೆ. ಒಂದು ಮಳೆಗಾಲದಲ್ಲಿ ಬಣ್ಣ ಕಿತ್ತು ಬರುವುದು ಖಚಿತ. ಲೋಹದ ಕ್ಲಾಂಪನ್ನು ಕಾರ್ಬನ್ ಫೋರ್ಕ್‌ಗೆ ಬಿಗಿಯುವ ಯೋಚನೆಯೇ ಬೇಡ. ಸ್ಟೀಲ್ ಅಥವಾ ಅಲ್ಯೂಮಿನಿಯಂ ಫ್ರೇಮ್ ಆದರೆ ಒಳಗೆ ರಬ್ಬರು ಇರುವ ಕ್ಲಾಂಪ್ ಹಾಕಿ, ತೂತಿಲ್ಲದಿದ್ದರೂ ಪೂರ್ತಿ ಮಡ್‌ಗಾರ್ಡ್ ಕೂರಿಸಿಕೊಳ್ಳಬಹುದು. ಇಂಥ ಕ್ಲಾಂಪು ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುತ್ತದೆ.

ಮೂರನೆಯದು ಸೀಟಿನ ಕೆಳಗೆ ಸಿಕ್ಕಿಸುವ ಪ್ಲಾಸ್ಟಿಕ್ ಹಾಳೆ. ಕೆಲವು ನೂರು ರೂಪಾಯಿ, ತೂಕ ಇಲ್ಲವೇ ಇಲ್ಲ ಅನ್ನಬಹುದು. ಅದು ನಿಮ್ಮ ಚಡ್ಡಿಯನ್ನು ಕಾಪಾಡುತ್ತದೆ, ಅಷ್ಟೇ. ವಾರಕ್ಕೊಮ್ಮೆ ನಂದಿ ಬೆಟ್ಟಕ್ಕೆ ಹೋಗುವವರು, ಮಳೆ ಬಂದರೆ ಬರಲಿ ಅಂತ ಜೇಬಿನಲ್ಲಿ ಇಟ್ಟುಕೊಳ್ಳಲಿ. ಆಫೀಸಿಗೆ ಹೋಗುವವರಿಗೆ ಅದು ಸಾಲದು.

ಬಾಲಕ್ಕೊಂದು ಬಾಲ

ಪೂರ್ತಿ ಉದ್ದದ ಮಡ್‌ಗಾರ್ಡ್ ಅಂತ ಮಾರುವುದರಲ್ಲೂ ಮುಂದಿನದರ ಬಾಲ ಬೇಕಾದಷ್ಟು ಕೆಳಗೆ ಬಂದಿರುವುದಿಲ್ಲ. ಅದಕ್ಕೇ ತುದಿಗೆ ಒಂದು ಮೆತ್ತನೆಯ ರಬ್ಬರು ತುಂಡು ಸೇರಿಸುತ್ತಾರೆ, ಲಾರಿಗಳ ಚಕ್ರದ ಹಿಂದೆ ನೇತಾಡುವುದು ಇದರ ಅಣ್ಣ. ಇದನ್ನು ದುಡ್ಡು ಕೊಟ್ಟು ತರಬೇಕಾಗಿಲ್ಲ. ಪಂಕ್ಚರ್ ಅಂಗಡಿಯಲ್ಲಿ ಬಿಸಾಕಿದ ಲಾರಿ ಟ್ಯೂಬು ಅಥವಾ ಅಡುಗೆ ಎಣ್ಣೆಯ ಹಳೇ ಕ್ಯಾನು ಸಾಕು. ಕೆಳಕ್ಕೆ ಹೋದಂತೆ ಅಗಲ ಆಗುವ ಹಾಗೆ ಕತ್ತರಿಸಿ, ಮಡ್‌ಗಾರ್ಡ್ ತುದಿಗೆ ಎರಡು ತೂತು ಕೊರೆದು, ಎರಡು ಸಣ್ಣ ಬೋಲ್ಟ್ ಹಾಕಿ. ನೆಲದಿಂದ ಐದಾರು ಸೆಂಟಿಮೀಟರ್ ಮೇಲೆ ನಿಂತರೆ ಸಾಕು. ರಬ್ಬರು ಮೆತ್ತಗಿದ್ದರೆ ಹಂಪ್‌ಗೆ ತಾಗಿದರೂ ಮಡಚಿಕೊಂಡು ಹೋಗುತ್ತದೆ. ನನ್ನನ್ನು ಕೇಳಿದರೆ ಇಡೀ ಮಡ್‌ಗಾರ್ಡ್ ವ್ಯವಹಾರದಲ್ಲಿ ಖರ್ಚಿಗೆ ತಕ್ಕ ಲಾಭ ಜಾಸ್ತಿ ಸಿಗುವುದು ಈ ಬಿಟ್ಟಿ ರಬ್ಬರಿನಿಂದ.

ಹಿಂದಿನ ಮಡ್‌ಗಾರ್ಡಿಗೂ ಇಂಥದ್ದೊಂದು ಹಾಕಬಹುದು, ಆದರೆ ಅದರ ಲಾಭ ನಿಮಗಲ್ಲ, ಹಿಂದೆ ಬರುವವರಿಗೆ. ಬ್ರಿಟನ್ನಿನ ಅನೇಕ ಸೈಕಲ್ ಕ್ಲಬ್ಬುಗಳು ಚಳಿಗಾಲದ ಗುಂಪು ಸವಾರಿಗೆ ಮಡ್‌ಗಾರ್ಡ್ ಹಾಕಿಕೊಂಡೇ ಬನ್ನಿ ಅನ್ನುತ್ತವೆ. ಕಾರಣ ಇದೇ. ನಮ್ಮಲ್ಲೂ 200, 300, 400, 600 ಕಿಲೋಮೀಟರ್‌ಗಳ ಬ್ರೆವೆ (ಗೊತ್ತುಪಡಿಸಿದ ಸಮಯದೊಳಗೆ ಮುಗಿಸಬೇಕಾದ ದೂರದ ಸವಾರಿ) ಓಡಿಸುವವರು ಹೆಚ್ಚಾಗಿದ್ದಾರೆ. 200ಕ್ಕೆ 13 ಗಂಟೆ 30 ನಿಮಿಷ ಸಮಯ, 600ಕ್ಕೆ 40 ಗಂಟೆ. ಅಷ್ಟು ಹೊತ್ತು ಒಬ್ಬರ ಹಿಂದೆ ಒಬ್ಬರು ಅಂಟಿಕೊಂಡು ಹೋಗುವಾಗ, ಮುಂದಿನವರಿಗೆ ಮಡ್‌ಗಾರ್ಡ್ ಇಲ್ಲದಿದ್ದರೆ ಹಿಂದಿನವರ ಬಾಯಿಗೆ ಏನು ಬೀಳುತ್ತದೆ ಅಂತ ಬೇರೆ ಹೇಳಬೇಕಾಗಿಲ್ಲ.

ಸಿಕ್ಕಿಕೊಂಡರೆ ಏನು ಗತಿ?

ಇದನ್ನು ಅಂಗಡಿಯವರು ಸಾಮಾನ್ಯವಾಗಿ ಹೇಳುವುದಿಲ್ಲ. ಮುಂದಿನ ಟೈರು ರಸ್ತೆಯಲ್ಲಿ ಬಿದ್ದ ಒಂದು ಮರದ ಕಡ್ಡಿ ಎತ್ತಿಕೊಂಡಿತು ಅಂದುಕೊಳ್ಳಿ. ಚಕ್ರದ ಹಿಂಬದಿ ಮೇಲಕ್ಕೆ ಚಲಿಸುತ್ತದಲ್ಲ, ಕಡ್ಡಿ ಮಡ್‌ಗಾರ್ಡ್ ಒಳಗೆ ನುಗ್ಗುತ್ತದೆ. ಸಂದು ಸಾಲದೆ ಸಿಕ್ಕಿಕೊಂಡರೆ ಚಕ್ರ ಮಡ್‌ಗಾರ್ಡನ್ನೂ ಎಳೆದುಕೊಂಡು ಮೇಲಕ್ಕೆ ಹೋಗುತ್ತದೆ. ಅದು ಫೋರ್ಕ್ ಕೆಳಗೆ ಮುದುಡಿಕೊಂಡು ಚಕ್ರ ನಿಂತುಬಿಡುತ್ತದೆ. ಚಕ್ರ ನಿಂತರೂ ನೀವು ನಿಲ್ಲುವುದಿಲ್ಲ, ಹ್ಯಾಂಡಲ್ ಮೇಲಿಂದ ಹೋಗಿ ಬೀಳುತ್ತೀರಿ. ಮಳೆಗಾಲದ ಮಲೆನಾಡಿನ ರಸ್ತೆಯಲ್ಲಿ, ಘಾಟಿಯ ಇಳಿಜಾರಿನಲ್ಲಿ ಇಂಥ ಕಡ್ಡಿ ಕಸಕ್ಕೆ ಬರವೇ ಇಲ್ಲ.

ಇದಕ್ಕೆ ಪರಿಹಾರವೂ ಇದೆ. ಒಳ್ಳೆಯ ಮಡ್‌ಗಾರ್ಡ್‌ಗಳಲ್ಲಿ, ಮುಂದಿನ ಮಡ್‌ಗಾರ್ಡನ್ನು ಹಿಡಿದುಕೊಳ್ಳುವ ಲೋಹದ ಕಡ್ಡಿಗಳು ಫೋರ್ಕ್ ತುದಿಯಲ್ಲಿ ಒಂದು ಪ್ಲಾಸ್ಟಿಕ್ ಕ್ಲಿಪ್ ಒಳಗೆ ಕೂರುತ್ತವೆ. ಜೋರಾಗಿ ಎಳೆದರೆ ಕ್ಲಿಪ್ ಕಳಚಿಕೊಂಡು ಮಡ್‌ಗಾರ್ಡ್ ಸಡಿಲವಾಗುತ್ತದೆ, ಚಕ್ರ ತಿರುಗುತ್ತಲೇ ಇರುತ್ತದೆ. ಕೊಳ್ಳುವಾಗ ಮುಂದಿನದಕ್ಕೆ ಇದು ಇದೆಯೇ ಅಂತ ಕೇಳಿ. ಕೂರಿಸುವ ಮೆಕ್ಯಾನಿಕ್ "ಇದು ಲಡ್ಡು ಸಾರ್, ನೇರ ಬೋಲ್ಟ್ ಹಾಕಿಬಿಡ್ತೀನಿ" ಅಂದರೆ ಒಪ್ಪಬೇಡಿ. ಟೈರಿಗೂ ಮಡ್‌ಗಾರ್ಡಿಗೂ ನಡುವೆ 5 ಮಿ.ಮೀ. ಬೇಕು ಅಂದದ್ದು ಕೂಡ ಇದಕ್ಕೇ. ಇನ್ನೂ ಸ್ವಲ್ಪ ಜಾಸ್ತಿ ಇದ್ದರೆ ಇನ್ನೂ ಒಳ್ಳೆಯದು.

ನಿಮ್ಮ ಊರಿನ ಮಳೆ, ನಿಮ್ಮ ಊರಿನ ಮಣ್ಣು

ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ ಬಿಡುವುದಿಲ್ಲ. ಅಲ್ಲಿ ಹಾಕಿ ತೆಗೆಯುವ ಕ್ಲಿಪ್ಪಿನ ಮಾತೇ ಬೇಡ, ಬೋಲ್ಟ್ ಹಾಕಿ ಬಿಟ್ಟುಬಿಡಿ. ಉಪ್ಪು ಗಾಳಿಗೆ ಸಾಧಾರಣ ಬೋಲ್ಟು ಬೇಗ ತುಕ್ಕು ಹಿಡಿಯುತ್ತದೆ, ಸ್ಟೇನ್‌ಲೆಸ್ ಸ್ಟೀಲಿನದೇ ಕೇಳಿ. ಬೆಂಗಳೂರಿನ ಮಳೆಯ ಲೆಕ್ಕ ಬೇರೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಿಂದ ಶುರುವಾಗಿ, ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಜೋರಾಗಿ ಸುರಿದು, ನಡುವೆ ವಾರಗಟ್ಟಲೆ ಒಣಗಿಯೂ ಇರುತ್ತದೆ. ವಾರಾಂತ್ಯಕ್ಕೆ ಮಾತ್ರ ಸೈಕಲ್ ಹತ್ತುವವರು ಇಲ್ಲಿ ಕ್ಲಿಪ್ಪಿನದನ್ನು ಇಟ್ಟುಕೊಳ್ಳಬಹುದು.

ಧಾರವಾಡ, ಗದಗ, ವಿಜಯಪುರದ ಕಡೆಯ ಎರೆ ಮಣ್ಣಿಗೆ ಬೇರೆಯದೇ ಲೆಕ್ಕ. ಡಾಂಬರು ರಸ್ತೆ ಇರುವ ತನಕ ಸರಿ. ಹೊಲದ ದಾರಿಗೆ ಇಳಿದು ಎರೆ ನೆಲ ಒದ್ದೆಯಾಗಿದ್ದರೆ, ಮಣ್ಣು ಟೈರಿಗೆ ಪದರ ಪದರವಾಗಿ ಮೆತ್ತಿಕೊಳ್ಳುತ್ತದೆ. ಆ ಪದರ ಮಡ್‌ಗಾರ್ಡ್ ಒಳಗೆ ಕೂಡಿಕೊಂಡು ಒತ್ತಿ, ಕೊನೆಗೆ ಚಕ್ರ ಮುಂದಕ್ಕೆ ಹೋಗುವುದೇ ಇಲ್ಲ. ಅಂಥ ದಾರಿ ದಿನಾ ಇದ್ದರೆ ರೋಡ್ ಸೈಕಲ್ಲಿಗೆ ಮಡ್‌ಗಾರ್ಡ್ ಇಲ್ಲದಿರುವುದೇ ಮೇಲು. ಚಿಮ್ಮಿದ ಕೆಸರನ್ನು ತೊಳೆದುಕೊಳ್ಳಬಹುದು, ಸಿಕ್ಕಿಕೊಂಡ ಸೈಕಲ್ಲನ್ನು ಹೊತ್ತುಕೊಂಡೇ ಬರಬೇಕಾಗುತ್ತದೆ.

ಕೂರಿಸುವಾಗ

ಮಡ್‌ಗಾರ್ಡ್ ಗಡಗಡ ಅನ್ನುವುದು ಅದರ ಹುಟ್ಟುಗುಣ ಅಂತ ಬಹಳ ಜನ ಸುಮ್ಮನಾಗುತ್ತಾರೆ. ಸದ್ದು ಬರುವುದು ಸಾಮಾನ್ಯವಾಗಿ ಎಳೆದು ಬಗ್ಗಿಸಿ ಕೂರಿಸಿದ್ದರಿಂದ. ಫ್ರೇಮಿನ ಅಡ್ಡಪಟ್ಟಿ ಮಡ್‌ಗಾರ್ಡಿನಿಂದ ದೂರ ಇದ್ದರೆ ಮಡ್‌ಗಾರ್ಡನ್ನು ಅದರತ್ತ ಎಳೆಯಬೇಡಿ, ನಡುವೆ ವಾಷರ್ ತುಂಬಿ ಸಂದು ಮುಚ್ಚಿ. ಲೋಹ ಲೋಹಕ್ಕೆ ತಾಗುವಲ್ಲಿ ಒಂದು ರಬ್ಬರು ವಾಷರ್ ಇಡಿ. ಒಳಗೆ ನೈಲಾನ್ ಇರುವ ನಟ್ ಬಳಸಿದರೆ ನಮ್ಮ ರಸ್ತೆಯ ಕುಲುಕಾಟಕ್ಕೂ ಸಡಿಲವಾಗುವುದಿಲ್ಲ. ಬದಿಯಿಂದ ನೋಡಿದಾಗ ಟೈರಿಗೂ ಮಡ್‌ಗಾರ್ಡಿಗೂ ನಡುವಿನ ಸಂದು ಮೊದಲಿಂದ ಕೊನೆ ತನಕ ಒಂದೇ ಸಮ ಕಾಣಬೇಕು. ಕಡ್ಡಿಗಳ ಹೆಚ್ಚಾದ ತುದಿಯನ್ನು ಕತ್ತರಿಸಿ ಪ್ಲಾಸ್ಟಿಕ್ ಟೋಪಿ ಹಾಕಿ, ಇಲ್ಲವಾದರೆ ಮೀನಖಂಡಕ್ಕೆ ಗೀರುತ್ತದೆ. ಮೊದಲ ಸವಾರಿ ಮುಗಿಸಿ ಬಂದ ಮೇಲೆ ಎಲ್ಲ ಬೋಲ್ಟುಗಳನ್ನೂ ಇನ್ನೊಮ್ಮೆ ಬಿಗಿ ಮಾಡಿ. ಮಡ್‌ಗಾರ್ಡಿನ ಒಳಬದಿಯಲ್ಲಿ ಟೈರು ಉಜ್ಜಿದ ಗೆರೆ ಎಲ್ಲಾದರೂ ಕಂಡರೆ ಆ ಬದಿಯ ಕಡ್ಡಿಯನ್ನು ಒಂದೆರಡು ಮಿ.ಮೀ. ಸರಿಸಿ ನೋಡಿ.